ಮಗಳು ತಂದ ಕಾರು

ಫೋಟೋ ನೋಡಿ ಹೆಣ್ಣು ಒಪ್ಪಬಾರದು, ಫೋಟೋ ನೋಡಿ ಬಿಡಲೂಬಾರದು ಅಂತ ನಮ್ಮ ಅತ್ತೆಯವರು ಹೇಳುತ್ತಿರುತ್ತಾರೆ. ಆ ಮಾತು ಕಾರಿಗೂ ಸಲ್ಲುತ್ತದೆ ಅಂತ ನನಗೆ ಗೊತ್ತಾದದ್ದು 2023ರ ಡಿಸೆಂಬರಿನಲ್ಲಿ.

ಅದಕ್ಕೆ ಒಂದು ತಿಂಗಳ ಮುಂಚೆ ಬೆಂಗಳೂರಿನಿಂದ ಮಗಳು ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಕೆಳಗೆ ಎರಡೇ ಪದ: "ಕಾರು ತಗೊಂಡೆ." ತಗೊಳ್ಳಲಾ ಅಂತ ಅಲ್ಲ, ತಗೊಂಡೆ ಅಂತ. ಹುಂಡೈ ಕಂಪನಿಯ ವರ್ನಾ, ಆ ವರ್ಷ ಮಾರ್ಚಿನಲ್ಲಿ ಬಂದ ಹೊಸ ನಮೂನೆ. ಅದರಲ್ಲೂ ಟರ್ಬೊ ಅಂತೆ, 160 ಕುದುರೆಗಳ ಶಕ್ತಿಯಂತೆ. ನಾನು ಚಿತ್ರ ನೋಡಿದೆ. ಉದ್ದ ಮೂತಿ, ಬಾಯಿ ತುಂಬ ಜಾಲರಿ, ಮೈಯೆಲ್ಲ ಗೆರೆ. ಕೀಟದ ಹಾಗೆ ಕಂಡಿತು. ಆ ದುಡ್ಡಿಗೆ ಹಾಸನದಲ್ಲಿ ಒಂದು ಸೈಟಿಗೆ ಮುಂಗಡ ಕೊಡಬಹುದಿತ್ತು, ಅವಳ ಮದುವೆಗೆ ಒಡವೆ ಮಾಡಿಸಿಡಬಹುದಿತ್ತು. ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನಿನಗೆ ಇಂಥದ್ದು ಯಾತಕ್ಕೆ ಬೇಕಿತ್ತು?" ಅವಳು "ಚೆನ್ನಾಗಿತ್ತು, ತಗೊಂಡೆ" ಅಂದಳು. ಆಮೇಲೆ ಒಂದು ತಿಂಗಳು ನಮ್ಮಿಬ್ಬರ ನಡುವೆ "ಊಟ ಆಯ್ತಾ", "ಆಯ್ತು" ಅನ್ನುವುದರ ಆಚೆಗೆ ಮಾತಿಲ್ಲ.

ಕ್ರಿಸ್ಮಸ್ ರಜಕ್ಕೆ ಅವಳು ಅದೇ ಕಾರಿನಲ್ಲಿ ಅರಸೀಕೆರೆಗೆ ಬಂದಳು. ದೀಪ ಹಚ್ಚುವ ಹೊತ್ತು. ಹಾರ್ನ್ ಕೇಳಿ ನಮ್ಮ ಯಜಮಾನರು ಗೇಟು ತೆಗೆಯಲು ಹೋದರು. ನಾನು ಒಲೆ ಮೇಲೆ ಹಾಲಿದೆ ಅನ್ನುವ ನೆವ ಮಾಡಿ ಒಳಗೇ ನಿಂತೆ. ಹಾಲು ಎಷ್ಟು ಹೊತ್ತು ಕಾಯುತ್ತೆ, ಹೇಳಿ? ಕಡೆಗೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ.

ಮಬ್ಬುಗತ್ತಲಲ್ಲಿ ಮೊದಲು ಕಂಡದ್ದು ಕಾರಲ್ಲ, ಒಂದು ಬೆಳ್ಳನೆಯ ಗೆರೆ. ಮೂತಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆ ದೀಪ. ನಿಜವಾದ ಹೆಡ್‌ಲೈಟು ಕೆಳಗೆ, ಬಂಪರಿನ ಮಟ್ಟದಲ್ಲಿ ಇದೆ. ಮೇಲಿನದು ಬರೀ ಗುರುತಿನ ದೀಪ. ನಾನು ಏನಾದರೂ ಹೇಳುವ ಮುಂಚೆ ಜಗುಲಿಯಿಂದ ಅತ್ತೆಯವರ ಧ್ವನಿ ಬಂತು: "ಅಯ್ಯೋ, ಹಣೆಗೆ ವಿಭೂತಿ ಇಟ್ಕೊಂಡು ಬಂದೈತಲ್ಲೇ!" ಅವರಿಗೆ ಎಂಬತ್ತನಾಲ್ಕು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಆದರೂ ನನಗಿಂತ ಮೊದಲು ಅವರಿಗೇ ಸರಿಯಾಗಿ ಕಂಡಿತ್ತು.

ಮರುದಿನ ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವಾಗ, ಯಾರೂ ಇಲ್ಲದ ಹೊತ್ತಿನಲ್ಲಿ, ಅದರ ಸುತ್ತ ಒಂದು ಪ್ರದಕ್ಷಿಣೆ ಬಂದೆ. ಬಣ್ಣ ಬೂದು. ಬಾಗಿಲುಗಳ ಮೇಲೆ ಮೂರು ಮಡಿಕೆ ಗೆರೆಗಳು ಓಡಿ ಬಂದು ಒಂದಕ್ಕೊಂದು ಹತ್ತಿರವಾಗುತ್ತವೆ. ಚಿತ್ರದಲ್ಲಿ ಅತಿಯಾಗಿ ಕಂಡ ಗೆರೆಗಳು ಇವೇ. ಎದುರಿಗೆ ನಿಂತರೆ ಎಲ್ಲಾ ಒಟ್ಟಿಗೆ ಕಾಣುವುದಿಲ್ಲ. ನಾನು ಎರಡು ಹೆಜ್ಜೆ ಇಟ್ಟರೆ ಒಂದು ಗೆರೆ ಮಾಯವಾಗಿ ಇನ್ನೊಂದು ಏಳುತ್ತದೆ, ಇಸ್ತ್ರಿ ಮಾಡಿದ ರೇಷ್ಮೆ ಸೀರೆಯ ನೆರಿಗೆ ನಡೆಯುವಾಗ ಬಿಚ್ಚಿ ಮುಚ್ಚುವ ಹಾಗೆ. ಚಾವಣಿ ಮುಂದಿನಿಂದ ಏರಿ, ಹಿಂದಕ್ಕೆ ಜಾರುಬಂಡೆಯಂತೆ ಇಳಿದು ಡಿಕ್ಕಿಯ ಅಂಚಿಗೆ ಸೇರುತ್ತದೆ. ಕಪ್ಪು ಗಾಲಿಯ ಕಡ್ಡಿಗಳ ಸಂದಿನಿಂದ ಬ್ರೇಕಿನ ಕೆಂಪು ತುಂಡೊಂದು ಇಣುಕುತ್ತಿತ್ತು, ಬೂದು ಸೀರೆಗೆ ಕೆಂಪು ಅಂಚು ಇದ್ದ ಹಾಗೆ. ನಿಂತಿದ್ದರೂ ಹೊರಟ ಹಾಗಿತ್ತು. ನಮ್ಮ ಮಾವನವರ ಅಂಬಾಸಿಡರ್ ಹೊರಟಿದ್ದರೂ ನಿಂತ ಹಾಗೆ ಇರುತ್ತಿತ್ತು!

ಅಂಬಾಸಿಡರನ್ನು ಹಗುರ ಮಾಡಿ ಹೇಳುತ್ತಿಲ್ಲ. 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಆಕಾರವನ್ನೇ ಇಟ್ಟುಕೊಂಡು 2014ರವರೆಗೆ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಅದು ತಯಾರಾಯಿತು. ದುಂಡನೆಯ ತಲೆ, ಎತ್ತರದ ಸೀಟು. ಪೇಟ ಸುತ್ತಿದವರು ಪೇಟದ ಸಮೇತ ಕೂರಬಹುದು, ಸೀರೆ ಉಟ್ಟವರು ನೆರಿಗೆ ಮುದುಡದಂತೆ ಇಳಿಯಬಹುದು. ಈ ಹೊಸದಕ್ಕೆ ಹಿಂದಿನ ಸೀಟಿಗೆ ಹತ್ತುವಾಗ ಗರ್ಭಗುಡಿಯ ಬಾಗಿಲಿಗೆ ಬಗ್ಗುವಂತೆ ತಲೆ ಬಗ್ಗಿಸಬೇಕು. ಇಳಿಜಾರು ಚಾವಣಿಯ ಕಾರುಗಳೆಲ್ಲ ಹಾಗೆಯೇ. ಚಂದಕ್ಕೆ ಒಂದಿಷ್ಟು ತಲೆ ಬಾಗಲೇಬೇಕು ಅಂತ ಮಗಳು ನಕ್ಕಳು. ನಾನು ನಗಲಿಲ್ಲ. ಕೋಪ ಇನ್ನೂ ಇತ್ತಲ್ಲ.

"ಅಜ್ಜೀನ ಬೇಲೂರು, ಹಳೇಬೀಡಿಗೆ ಕರ್ಕೊಂಡು ಹೋಗೋಣ" ಅಂದಳು. ಆ ಸೆಪ್ಟೆಂಬರಿನಲ್ಲಷ್ಟೇ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. "ಪಟ್ಟಿಗೆ ಸೇರಿದ ಮೇಲೆ ಗುಡಿ ಬದಲಾಗಿರ್ತದಾ, ನೋಡೇ ಬಿಡೋಣ" ಅಂತ ಅತ್ತೆ ಹೊರಟೇಬಿಟ್ಟರು.

ಮಂಡಿನೋವಿನ ಅತ್ತೆಯನ್ನು ತಗ್ಗಿನ ಕಾರಿಗೆ ಹತ್ತಿಸುವುದು ಹೇಗೆ ಅಂತ ನನಗೆ ಚಿಂತೆ. ಮಗಳು ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದಳು, ಅಜ್ಜಿಗೆ ಬೆನ್ನು ಮಾಡಿ ನಿಲ್ಲಲು ಹೇಳಿದಳು. ಮೊದಲು ಕೂರುವುದು, ತಲೆ ತಗ್ಗಿಸುವುದು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ತಿರುಗಿಸಿ ಒಳಗೆ ತರುವುದು. ಸೀಟಿನ ಮೇಲೆ ನುಣುಪಾದ ಹಳೇ ರೇಷ್ಮೆ ಚೂರು ಹಾಸಿದ್ದರಿಂದ ತಿರುಗಲು ಸುಲಭವಾಯಿತು. ಇಳಿಯುವಾಗ ಇದನ್ನೇ ಹಿಂದುಮುಂದು ಮಾಡಬೇಕು. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಹೀಗೆ ಮಾಡಿ ನೋಡಿ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಒದ್ದಾಡಿಸಬೇಡಿ.

ಗಾಲಿಗೆ ನಿಂಬೆಹಣ್ಣು ಇಟ್ಟು, ನಮ್ಮ ತೋಟದ್ದೇ ಕಾಯಿ ಒಡೆದು, 1220ರಲ್ಲಿ ಕಟ್ಟಿದ ನಮ್ಮೂರ ಶಿವಾಲಯಕ್ಕೆ ಕೈ ಮುಗಿದು ಹೊರಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ, ಕೋಡುಬಳೆ. ಬಾಣಾವರದ ದಾರಿ. ವೇಗದ ಬೌಲರ್ ಶ್ರೀನಾಥರ ಹೆಸರಿನ ಜೊತೆ ದೇಶವೆಲ್ಲ ಸುತ್ತಿದ ಜಾವಗಲ್ಲು ದಾಟುವಾಗ ನಾನು ಹಿಂದಿನಿಂದ "ನಿಧಾನ, ನಿಧಾನ" ಅನ್ನುತ್ತಲೇ ಇದ್ದೆ. ಅವಳು ನಿಧಾನವಾಗಿಯೇ ಇದ್ದಳು. 160 ಕುದುರೆ ಇಟ್ಟುಕೊಂಡು ರಸ್ತೆಯ ಒಂದೊಂದು ಉಬ್ಬನ್ನೂ ಮಲಗಿದ ಕೂಸನ್ನು ದಾಟುವ ಹಾಗೆ ದಾಟುತ್ತಿದ್ದಳು.

"ಇದನ್ನ ಎಲ್ಲಿ ಮಾಡ್ತಾರೆ?" ಅಂತ ಅತ್ತೆ ಕೇಳಿದರು. "ಕಂಪನಿ ಕೊರಿಯಾದ್ದು ಅಜ್ಜಿ, ಕಾರು ಮಾಡೋದು ಮದ್ರಾಸ್ ಹತ್ರ ಶ್ರೀಪೆರುಂಬುದೂರಿನಲ್ಲಿ." ಅತ್ತೆ ಸೀಟಿನಲ್ಲಿ ನೆಟ್ಟಗಾದರು. "ರಾಮಾನುಜಾಚಾರ್ಯರು ಹುಟ್ಟಿದ ಊರು ಕಣೆ ಅದು! ಆವತ್ತು ಅವರು ಬಂದರು, ವಿಷ್ಣುವರ್ಧನ ಬೇಲೂರಿನ ಗುಡಿ ಕಟ್ಟಿಸಿದ. ಈಗ ಅದೇ ಊರಿಂದ ಬಂದ ಗಾಡಿಯಲ್ಲಿ ನಾವು ಹೋಗ್ತಿದ್ದೀವಿ." ಆಮೇಲೆ ಕಾರಿನ ಮೇಲೆ ಅವರ ಪ್ರೀತಿಗೆ ಎಲ್ಲೆಯೇ ಇರಲಿಲ್ಲ.

ಹಳೇಬೀಡಿನಲ್ಲಿ ಎಳೆಬಿಸಿಲು ಇನ್ನೂ ಓರೆಯಾಗಿತ್ತು. ಹೊಯ್ಸಳೇಶ್ವರ ಗುಡಿಯ ಗೋಡೆ ನೇರವಾಗಿ ಹೋಗುವುದಿಲ್ಲ. ನಕ್ಷತ್ರದ ಮೂಲೆಗಳಂತೆ ಒಳಗೆ ಹೋಗಿ ಹೊರಗೆ ಬರುತ್ತದೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಎಷ್ಟೋ ಸಲ ನೋಡಿದ ಗೋಡೆ. ಆದರೆ ಬೆಳಿಗ್ಗೆ ಕಾರನ್ನು ಸುತ್ತಿ ಬಂದಿದ್ದ ಕಣ್ಣಿಗೆ ಒಂದು ಸಂಗತಿ ಹೊಸದಾಗಿ ಕಂಡಿತು. ಇಲ್ಲೂ ಅಷ್ಟೇ, ನಾನು ಎರಡು ಹೆಜ್ಜೆ ಇಟ್ಟರೆ ಒಂದು ಮೂಲೆ ನೆರಳಿಗೆ ಹೋಗಿ ಇನ್ನೊಂದು ಬೆಳಕಿಗೆ ಬರುತ್ತಿತ್ತು. ಚಪ್ಪಟೆ ಗೋಡೆಯಾಗಿದ್ದರೆ ಬಿಸಿಲು ಒಂದೇ ಸಮ ಬಿದ್ದು ಹೋಗುತ್ತಿತ್ತು. ಮೂಲೆ ಮಾಡಿದವನಿಗೆ ಕಲ್ಲಿನ ಜೊತೆ ಬಿಸಿಲಿನಲ್ಲೂ ಕೆಲಸ ಮಾಡಲು ಗೊತ್ತಿತ್ತು.

ಇದನ್ನು ಬಾಯಿ ತಪ್ಪಿ ಮಗಳ ಹತ್ತಿರ ಹೇಳಿಬಿಟ್ಟೆ. ಅವಳ ಮುಖ ಅರಳಿತು. ಕಾರಿನ ಆಕಾರವನ್ನೂ ಮೊದಲು ಪೂರ್ತಿ ಅಳತೆಯಲ್ಲೇ ಜೇಡಿಮಣ್ಣಿನಂಥ ಸಾಮಾನಿನಲ್ಲಿ ಮಾಡುತ್ತಾರಂತೆ. ಬಿಸಿಯಲ್ಲಿ ಮೆತ್ತಗೆ, ಆರಿದರೆ ಗಟ್ಟಿ. ಕೈಯಲ್ಲಿ ಕೆರೆದು ಕೆರೆದು, ಬೆಳಕು ಹೇಗೆ ಜಾರುತ್ತದೆ ಅಂತ ನೋಡಿ ನೋಡಿ ತಿದ್ದುತ್ತಾರೆ. ಅದು ಸರಿ ಬಂದ ಮೇಲೆ ಅಚ್ಚು. ನಾವು ಕರ್ಜಿಕಾಯಿ ಒತ್ತುವ ಹಾಗೆ ಉಕ್ಕಿನ ತಗಡನ್ನು ಅದರಲ್ಲಿ ಒತ್ತುತ್ತಾರೆ. ಹೊಯ್ಸಳರ ಬಳಪದ ಕಲ್ಲೂ ಹಾಗೆಯೇ ಅಲ್ಲವೇ? ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡು ಬರುಬರುತ್ತಾ ಗಟ್ಟಿ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು. ಒಂದು ವ್ಯತ್ಯಾಸ ಮಾತ್ರ ಉಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನ ಮೇಲೆ ಬಿಟ್ಟು ಹೋಗಿದ್ದಾರೆ. ಕಾರಿನ ಹಿಂದೆ ದೊಡ್ಡದಾಗಿ ವರ್ನಾ ಅಂತಿದೆ, ಕೆರೆದವರ ಹೆಸರಿಲ್ಲ.

ಹಳೇಬೀಡಿನಿಂದ ಬೇಲೂರು ಹದಿನಾರು ಕಿಲೋಮೀಟರ್. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ದರ್ಶನ ಮಾಡಿಸಿ, ಅತ್ತೆಯವರನ್ನು ನಿಧಾನವಾಗಿ ಹೊರಗಿನ ಜಗತಿಯ ಮೇಲೆ ನಡೆಸಿಕೊಂಡು ಬಂದೆವು. ದರ್ಪಣ ಸುಂದರಿಯ ಕೆಳಗೆ ಅವರು ನಿಂತುಬಿಟ್ಟರು. ಸೂರಿನ ಕೆಳಗೆ ಬಾಗಿ ನಿಂತು ಕನ್ನಡಿ ನೋಡಿಕೊಳ್ಳುವ ಹೆಣ್ಣು. ಬಹಳ ಹೊತ್ತು ನೋಡಿ ಅತ್ತೆ ಅಂದರು: "ಸೂರಿನ ಕೆಳಗೆ ಒಂದು ದಿಮ್ಮಿ ಇಟ್ಟಿದ್ರೆ ಸಾಕಿತ್ತು. ಇವಳನ್ನ ನಿಲ್ಲಿಸಿ, ಕೈಗೆ ಕನ್ನಡಿ ಬೇರೆ ಕೊಟ್ಟಿದ್ದು ಯಾತಕ್ಕೆ ಬೇಕಿತ್ತು?"

ಅವರು ಯಾರನ್ನೂ ಕುಟುಕಲು ಹೇಳಿದ್ದಲ್ಲ. ಆದರೆ ನನಗೆ ಕುಟುಕಿತು. ಫೋನಿನಲ್ಲಿ ನಾನು ಆಡಿದ್ದೂ ಅದೇ ಮಾತು. ಅದಕ್ಕಿಂತ ಹಿಂದೆ ನನಗೆ ಆಡಿದ್ದೂ ಅದೇ ಮಾತು. 1989ರಲ್ಲಿ, ನಾನು ಹೊಸದಾಗಿ ಅರಸೀಕೆರೆಗೆ ಬಂದಾಗ, ನಮ್ಮ ಬೀದಿಯ ಟೀಚರೊಬ್ಬರು ಲೂನಾ ಇಟ್ಟಿದ್ದರು. ಕೆಂಪು ಬಣ್ಣದ್ದು. ಅವರು ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ಹೋಗುವುದನ್ನು ನಾನು ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಒಂದು ದಿನ ಯಜಮಾನರ ಹತ್ತಿರ ಕೇಳಿಯೇಬಿಟ್ಟೆ. ಅವರು ಬೈಯಲಿಲ್ಲ, ರೇಗಲಿಲ್ಲ. ಸಮಾಧಾನವಾಗಿಯೇ ಕೇಳಿದರು: "ನಿನಗೆ ಯಾತಕ್ಕೆ ಬೇಕು? ಗುಡಿ ಹತ್ರ, ಸಂತೆ ಸಾಮಾನು ನಾನೇ ತರ್ತೀನಿ." ನಿಜವೇ. ನನ್ನ ಬಳಿ ಉತ್ತರವಿರಲಿಲ್ಲ. ಚೆನ್ನಾಗಿದೆ, ಅದಕ್ಕೆ ಬೇಕು ಅಂತ ಹೇಳಬಹುದು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಮಗಳಿಗೆ ಹೊಳೆದಿದೆ.

ವಾಪಸು ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅತ್ತೆ ಕಾರಿನಲ್ಲೇ ನಿದ್ದೆ ಹೋಗಿದ್ದರು. ಯಜಮಾನರು ಅಂಗಡಿಯವನ ಹತ್ತಿರ ಕೊಬ್ಬರಿ ರೇಟು ಮಾತಾಡುತ್ತಿದ್ದರು. ನಾನು ಕೇಳಿದೆ, "ನನ್ನನ್ನ ಒಂದು ಮಾತು ಯಾಕೆ ಕೇಳಲಿಲ್ಲ?"

ಅವಳು ಲೋಟ ನೋಡುತ್ತಾ ಹೇಳಿದಳು. "ಕೇಳಿದ್ರೆ ನೀನು ಬೇಡ ಅಂತಿದ್ದೆ. ಬೇಡ ಅಂದ ಮೇಲೆ ತಗೊಂಡ್ರೆ ನಿನ್ನ ಮಾತು ಮೀರಿದ ಹಾಗೆ. ತಗೊಳ್ಳದಿದ್ರೆ ಜೀವನಪೂರ್ತಿ ನಿನ್ನ ಮೇಲೆ ಸಿಟ್ಟು ಇರ್ತಿತ್ತು. ಎರಡೂ ಬೇಡ ಅಂತ ಕೇಳಲಿಲ್ಲಮ್ಮ."

ದುಡ್ಡಿನ ಮಾತು ನೆಪ, ನನಗೆ ನಿಜವಾಗಿ ನೊಂದದ್ದು ಕೇಳದೇ ಇದ್ದುದಕ್ಕೇ. ಕೇಳಿದ್ದರೆ ಬೇಡವೆನ್ನುತ್ತಿದ್ದೆ ಅನ್ನುವುದೂ ಅಷ್ಟೇ ನಿಜ. ಇದಕ್ಕೆ ಏನು ಹೇಳಲಿ? "ಮುಂದಿನ ಸಲ ಕೇಳು. ಬೇಡ ಅನ್ನೋಕೆ ಮುಂಚೆ ನೋಡ್ತೀನಿ" ಅಂದೆ. ಮನೆಗೆ ಬಂದ ಮೇಲೆ ಸಾಲದ ಕಾಗದ ತರಿಸಿ, ತಿಂಗಳ ಕಂತು ಎಷ್ಟು, ಎಷ್ಟು ವರ್ಷ ಅಂತ ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ. ಕಂತು ಜಾಸ್ತಿ ಆಯಿತು ಅಂತ ಈಗಲೂ ನನ್ನ ಅಭಿಪ್ರಾಯ. ಕಾರು ಚಂದ ಅನ್ನುವುದೂ ನನ್ನದೇ ಅಭಿಪ್ರಾಯ. ಎರಡೂ ಒಂದೇ ಪುಸ್ತಕದಲ್ಲಿ ಇರಬಹುದು.

ಭಾನುವಾರ ಸಂಜೆ ಅವಳು ಹೊರಟಳು. ಡಿಕ್ಕಿಯಲ್ಲಿ ಹತ್ತು ತೆಂಗಿನಕಾಯಿ, ಚಟ್ನಿಪುಡಿ, ಉಳಿದ ಕೋಡುಬಳೆ. ಸ್ಪೋರ್ಟ್ಸ್ ಕಾರೇ ಇರಲಿ, ಅರಸೀಕೆರೆಯಿಂದ ಯಾವುದೂ ಕಾಯಿ ಇಲ್ಲದೆ ಹೋಗುವುದಿಲ್ಲ. ಹಿಂದೆಯೂ ಮುಂದಿನಂತೆಯೇ ಈ ಕೊನೆಯಿಂದ ಆ ಕೊನೆಗೆ ಒಂದು ದೀಪದ ಗೆರೆ, ಇದು ಕೆಂಪು. ತಿಪಟೂರು ರಸ್ತೆಯ ತಿರುವಿನವರೆಗೂ ಆ ಗೆರೆ ಕಾಣುತ್ತಿತ್ತು.

"ಹೋದಳೇನೇ?" ಅಂತ ಜಗುಲಿಯಿಂದ ಅತ್ತೆ ಕೇಳಿದರು.

"ಹೋದಳು."

"ಯುಗಾದಿಗೆ ಬರ್ತಾಳಲ್ಲ, ಮತ್ತೆ ಬೇಲೂರಿಗೆ ಹೋಗೋಣ."

"ಹೋಗೋಣ ಅತ್ತೆ" ಅಂದೆ. "ಆದರೆ ಈ ಸಲ ಮುಂದಿನ ಸೀಟು ನನಗೆ."