ಜಗಲಿಯ ದೇವರ ವಯಸ್ಸು

ನಮ್ಮ ಕೊಪ್ಪಳ ಸೀಮೆಯಲ್ಲಿ ಹಳೆಯದಕ್ಕೆ ಬರವಿಲ್ಲ. ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಇಟಗಿಯ ಮಹಾದೇವ ದೇವಾಲಯವು ತಾನು ಕ್ರಿ.ಶ. 1112ರದೆಂದು ಶಾಸನದ ಮೂಲಕ ತಾನೇ ಹೇಳಿಕೊಳ್ಳುತ್ತದೆ. ಆದರೆ ಮನೆಮನೆಯ ಜಗಲಿಯ ಮೇಲಿರುವ ಕಂಚು, ಹಿತ್ತಾಳೆಯ ಮೂರ್ತಿಗಳು ಮೂಕ. ಅವುಗಳ ಪರವಾಗಿ ಮಾತನಾಡಲು ವ್ಯಾಪಾರಿಗಳು ಬರುತ್ತಾರೆ.

ಕುಷ್ಟಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೂ ಹಾಗೊಬ್ಬರು ಬಂದಿದ್ದರು. ಅಂಗೈಯಗಲದ ವೀರಭದ್ರನ ಫಲಕವನ್ನು ಕಂಡು, 'ವಿಜಯನಗರ ಕಾಲದ್ದು, ಐನೂರು ವರ್ಷದ್ದು' ಎಂದು ದೊಡ್ಡ ಮೊತ್ತವನ್ನೇ ಹೇಳಿದರಂತೆ. ಮಗಳ ಮದುವೆ ಹತ್ತಿರವಿತ್ತು. 'ಸರ್, ಇದು ನಿಜವೇ?' ಎಂದು ಅವನು ಕೇಳಿದ. ನಾನು ಹೋದಾಗ ಅವನ ತಾಯಿ ಫಲಕವನ್ನು ಬೆಳಗಲು ಹುಣಸೆಹಣ್ಣು ನೆನೆಹಾಕಿದ್ದರು. ಮೊದಲು ಅದನ್ನು ನಿಲ್ಲಿಸಿದೆ.

ಏಕೆಂದರೆ ಲೋಹದ ಮೂರ್ತಿಯ ಸಾಕ್ಷ್ಯವೆಲ್ಲ ಮೈಮೇಲೆಯೇ ಇರುತ್ತದೆ. ಆ ಫಲಕದಲ್ಲಿ ದೇವರ ಮುಖ ನೀರು, ವಿಭೂತಿಗಳ ಸ್ಪರ್ಶದಿಂದ ನುಣುಪಾಗಿತ್ತು. ಕುರಿದಲೆಯ ದಕ್ಷನ ಕೈಮುಗಿದ ಸಂದಿಯಲ್ಲಿ ಎಣ್ಣೆಜಿಡ್ಡು ಕಲ್ಲಿನಂತೆ ಗಟ್ಟಿಯಾಗಿತ್ತು. ಹಿಂಬದಿಯ ಬಳೆಗಳು ದಾರ ಹಾಯುವ ಕಡೆಯಲ್ಲೇ ಸವೆದಿದ್ದವು. ನಕಲು ಮಾಡುವವನು ಸವೆಸುತ್ತಾನೆ, ಆದರೆ ಕೈ ತಾಗದ ಮೂಲೆಯನ್ನೂ ಸವೆಸುತ್ತಾನೆ. ಆಮ್ಲ ಹಾಕಿ ಬರಿಸಿದ ಹಸಿರು ಕಿಲುಬು ಹಲವು ವೇಳೆ ಒದ್ದೆ ಹತ್ತಿಗೇ ಬಂದುಬಿಡುತ್ತದೆ. ಈ ಫಲಕ ಬಹುಕಾಲ ಪೂಜೆಗೊಂಡದ್ದೆಂಬುದರಲ್ಲಿ ಸಂಶಯವಿರಲಿಲ್ಲ. ಎಷ್ಟು ಕಾಲ ಎಂಬುದು ಬೇರೆಯೇ ಪ್ರಶ್ನೆ. ಇಂಥ ಫಲಕಗಳಲ್ಲಿ ಹೆಚ್ಚಿನವನ್ನು ತಿಳಿದವರು 17ರಿಂದ 19ನೆಯ ಶತಮಾನದೊಳಗೆ ಇರಿಸುತ್ತಾರೆ.

ಇಟಗಿಯ ಗುಡಿ ಎದ್ದಾಗ ಆಳುತ್ತಿದ್ದ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಎರಕದ ವಿಧಾನವನ್ನು ವಿವರಿಸಿದ್ದಾನೆ: ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಟೊಳ್ಳಿಗೆ ಲೋಹ ಹೊಯ್ಯಬೇಕು. ಅಚ್ಚು ಒಡೆದೇ ಮೂರ್ತಿ ಹೊರಬರುವುದರಿಂದ, ಕೈಯಿಂದ ತಿದ್ದಿದ ಮೇಣದ ಎರಡು ಮೂರ್ತಿಗಳು ಕೂದಲೆಳೆಯಷ್ಟೂ ಬೇರೆಯಾಗದೆ ಇರಲಾರವು. ಒಂದೇ ರೀತಿಯ ನಾಲ್ಕು 'ಪುರಾತನ' ಮೂರ್ತಿಗಳು ಅಂಗಡಿಯಲ್ಲಿ ಸಾಲಾಗಿ ಕುಳಿತಿದ್ದರೆ ಅನುಮಾನಿಸಬೇಕು. ಒಳಗೆ ಮಣ್ಣಿನ ತಿರುಳುಳ್ಳ ಟೊಳ್ಳು ಎರಕವಾದರೆ ಆ ಸುಟ್ಟ ಮಣ್ಣಿನಿಂದ ಪ್ರಯೋಗಶಾಲೆಯಲ್ಲಿ ಕಾಲ ಅಳೆಯಬಹುದು. ಗಟ್ಟಿ ಎರಕಕ್ಕೆ ಆ ಸೌಲಭ್ಯವಿಲ್ಲ. ಬೆಂಗಳೂರಿನ ವಿದ್ವಾಂಸೆ ಶಾರದಾ ಶ್ರೀನಿವಾಸನ್ ಅವರು ದಕ್ಷಿಣದ ನೂರಕ್ಕೂ ಹೆಚ್ಚು ಮೂರ್ತಿಗಳ ಸೀಸದ ಐಸೋಟೋಪುಗಳನ್ನೂ ಅಲ್ಪಾಂಶ ಧಾತುಗಳನ್ನೂ ಹೋಲಿಸಿ ಕಾಲವನ್ನು ಗುರುತಿಸುವ ದಾರಿ ತೋರಿಸಿದ್ದಾರೆ. ಬರಿಗಣ್ಣಿನಿಂದ 'ಐನೂರು ವರ್ಷ' ಎನ್ನುವುದು ಕಣಿ ಹೇಳಿದಂತೆ.

ನೂರು ವರ್ಷ ಮೀರಿದ ಲೋಹಮೂರ್ತಿ 1972ರ ಪುರಾವಸ್ತು ಕಾಯ್ದೆಯಂತೆ ನೋಂದಣಿಯಾಗಬೇಕು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. 'ವಯಸ್ಸನ್ನು ಬರೆದುಕೊಡಿ, ಪರವಾನಗಿ ತೋರಿಸಿ ಎಂದು ಕೇಳು' ಎಂದೆ. ಕೇಳಿದ ಮೇಲೆ ಆ ವ್ಯಾಪಾರಿ ಫೋನ್ ಎತ್ತಲಿಲ್ಲ. ಹುಡುಗ ಸಾಲ ಮಾಡಿ ಮದುವೆ ಮಾಡಿದ. ಆ ಸಾಲದ ಭಾರ ನನ್ನ ಮಾತಿನ ಮೇಲೂ ಇದೆಯೆಂದು ಬಲ್ಲೆ.

ತಮಿಳುನಾಡಿನ ಶ್ರೀಪುರಂದನ್ ಗುಡಿಯಿಂದ ಕಳವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಕೊಂಡಿತ್ತು. ಕೊಟ್ಟ ದಾಖಲೆಗಳು ಸುಳ್ಳು. ಮೂರ್ತಿ ಗುಡಿಯಲ್ಲಿದ್ದಾಗ ಪುದುಚೇರಿಯ ಫ್ರೆಂಚ್ ಸಂಸ್ಥೆ ತೆಗೆದಿದ್ದ ಹಳೆಯ ಛಾಯಾಚಿತ್ರ ಸತ್ಯ ಹೇಳಿತು. 2014ರಲ್ಲಿ ನಟರಾಜ ಮರಳಿದ. ನಮ್ಮಲ್ಲಿಯೂ ಕೊಪ್ಪಳದಿಂದ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಸೇರಿದ ಪಂಚಪರಮೇಷ್ಠಿಗಳ ವಿಗ್ರಹವೊಂದಿದೆ. ಅದರ ಪೀಠದ ಬರಹವು ಎರಂಬರಗೆಯ, ಅಂದರೆ ನಮ್ಮ ಯಲಬುರ್ಗಾದ, ಸೇನಬೋವ ಆಚಣ್ಣನ ಮಗ ದೇವಣನನ್ನು ಇಂದಿಗೂ ಹೆಸರಿಸುತ್ತದೆ. ಊರು ಬಿಟ್ಟರೂ ಆ ವಿಗ್ರಹ ಅನಾಥವಾಗಲಿಲ್ಲ.

ನಿಮ್ಮ ಜಗಲಿಯ ಮೂರ್ತಿಗಳಿಗೆ ಪೀಠದಲ್ಲಿ ಬರಹವಿರಲಾರದು. ಆದ್ದರಿಂದ ಹಿಂದುಮುಂದಿನ ಚಿತ್ರ ತೆಗೆದಿಡಿ. ಎತ್ತರ, ತೂಕ ಬರೆಯಿರಿ. ಯಾರು ತಂದರು, ಯಾವ ಜಾತ್ರೆಯಲ್ಲಿ ಕೊಂಡರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ, ಅವರಿರುವಾಗಲೇ ದಾಖಲಿಸಿರಿ. ಹುಣಸೆಹಣ್ಣನ್ನು ಸಾರಿಗೆ ಬಳಸಿರಿ.