ನೋಡಬೇಕಾದ ನೆರೆಯೂರುಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ದೇಶ ಸುತ್ತುವುದೆಂದರೆ ದೂರದ ಪಟ್ಟಣಗಳಿಗೆ ಹೋಗುವುದೆಂದೇ ಹಲವರ ಎಣಿಕೆ. ಹಾಲೆಂಡಿನ ಆಮ್‌ಸ್ಟರ್‌ಡಾಂ ನಗರದಲ್ಲಿ ರೆಂಬ್ರಾಂಟನೆಂಬ ಮಹಾಚಿತ್ರಕಾರನು 1639ರಿಂದ ಸುಮಾರು 20 ವರ್ಷ ಬಾಳಿದ ಮನೆಯಿದೆ. ಸಾಲದ ಹೊರೆಯಿಂದ ಅವನು ಅದನ್ನು ಕಳೆದುಕೊಂಡನು. ಆದರೂ ಆ ನಗರದವರು ಅವನನ್ನು ಮರೆಯಲಿಲ್ಲ. 1911ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾಯಿತು. ಇದನ್ನು ಓದಿದಾಗಲೆಲ್ಲ, ನಮ್ಮ ಸೀಮೆಯಲ್ಲಿ ನೋಡತಕ್ಕುದು ಏನಿದೆ, ಅದನ್ನು ಕಾಪಾಡುವವರು ಯಾರು ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ.

ಮೊದಲು ಧಾರವಾಡಕ್ಕೆ ಹೋಗೋಣ. 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆ ಇಂದು ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಗಿದೆ. ಅದರ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಗಳೂ ವೀರಗಲ್ಲುಗಳೂ ಇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಊರಿನ ತುರುಗಳನ್ನು ಬಿಡಿಸಲು ಮಡಿದ ಸಾಮಾನ್ಯನಿಗೂ ಹಿಂದಿನವರು ಇಂಥ ಕಲ್ಲು ನಿಲ್ಲಿಸಿದರು. ಹಳ್ಳಿಗಳಲ್ಲಿ ಅಂಥ ಕಲ್ಲುಗಳ ಮೇಲೆ ಬಟ್ಟೆ ಒಗೆಯುವುದನ್ನು ಕಂಡು ನಾನು ನೊಂದಿದ್ದೇನೆ.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಹನ್ನೊಂದನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಮೆದುವಾದ ಬಳಪದ ಕಲ್ಲು ದೊರೆತುದರಿಂದ ಶಿಲ್ಪಿಯ ಉಳಿ ಅಲ್ಲಿ ನವುರಾಗಿ ಆಡಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮೊಮ್ಮಗಳು. ಇದನ್ನು ತಿಳಿಸುವುದು ಪಂಪನ ತಮ್ಮ ಜಿನವಲ್ಲಭನ ಶಾಸನ. ಆ ಶಾಸನವಿರುವುದು ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ. ಅಷ್ಟು ದೂರದ ಬಂಡೆಯೊಂದು ಅಣ್ಣಿಗೇರಿಯ ಹೆಸರನ್ನು ಸಾವಿರ ವರ್ಷಕ್ಕೂ ಮಿಗಿಲಾಗಿ ಉಳಿಸಿಕೊಂಡು ಬಂದಿದೆ.

ಕಲ್ಲು ಹೀಗೆ ಕಾಯಬಲ್ಲುದು, ಕೊರಳು ಕಾಯಲಾರದು. ಕುಂದಗೋಳದಲ್ಲಿ ಬಾಳಿದ ಸವಾಯಿ ಗಂಧರ್ವರು (1886–1952) ಕಿರಾನಾ ಘರಾಣೆಯ ದೊಡ್ಡ ಗಾಯಕರು. ಭೀಮಸೇನ ಜೋಶಿಯವರು ಅವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡರು. ಆ ರೈಲು ಹತ್ತಿ ಬರುವ ಹಂಬಲ ಶಿಷ್ಯೆಗೆ ಇಲ್ಲದಿದ್ದರೆ, ಕಲಿಸುವ ಮನಸ್ಸು ಗುರುವಿಗೆ ಇಲ್ಲದಿದ್ದರೆ, ಆ ಗಾಯನ ಮುಂದಿನವರಿಗೆ ದಕ್ಕುತ್ತಿರಲಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗುರುಗಳ ಸ್ಮರಣೆಗಾಗಿ ಸಂಗೀತೋತ್ಸವ ನಡೆದುಬಂದಿದೆ.

ನವಲಗುಂದದ ಜಮಖಾನೆಯ ಕಥೆಯೂ ಇಂಥದೇ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಣ್ಣುಮಕ್ಕಳು ಹತ್ತಿಯ ನೂಲಿನಲ್ಲಿ ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸುತ್ತಾರೆ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಹೆಸರಿಗೆ ರಕ್ಷಣೆ ಸಿಕ್ಕಿತು; ಆದರೆ ದುಡಿತಕ್ಕೆ ತಕ್ಕ ಪ್ರತಿಫಲವಿಲ್ಲದೆ ನೇಯುವ ಕೈಗಳು ಕಡಿಮೆಯಾಗುತ್ತಿವೆ. ಹಳೆಯ ಜಮಖಾನೆಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಬಹುದು. ನೇಯುವ ವಿದ್ಯೆ ಉಳಿಯಬೇಕಾದರೆ ಅದನ್ನು ಕಲಿಯುವವರೂ ಬೇಕು, ಕೊಳ್ಳುವವರೂ ಬೇಕು.

ಆದುದರಿಂದ, ಮಕ್ಕಳೇ, ಅವಕಾಶ ದೊರೆತರೆ ದೂರದ ದೇಶಗಳನ್ನೂ ನೋಡಿರಿ. ಅದಕ್ಕೆ ಮೊದಲು ನಿಮ್ಮ ಊರಿನ ಗುಡಿಯ ಮುಂದೆ ಒರಗಿಸಿದ ಕಲ್ಲಿನ ಬಳಿ ನಿಂತು ನೋಡಿರಿ. ಅದರಲ್ಲಿ ಅಕ್ಷರಗಳು ಕಂಡರೆ ನಿಮ್ಮ ಗುರುಗಳಿಗೆ ತಿಳಿಸಿರಿ. ಹಾಡುವ ಅಜ್ಜಿಯಿದ್ದರೆ ಕುಳಿತು ಕೇಳಿ ಒಂದು ಹಾಡನ್ನಾದರೂ ಕಲಿಯಿರಿ. ಅಜ್ಜಿಯ ಹಾಡು ಕಾಯಲಾರದು. ಈ ರಜೆಯಲ್ಲಿಯೇ ಕೇಳಿರಿ.