ಗಡಿಯಾರದ ಪಟ್ಟಿ

ಕೈಗಡಿಯಾರವನ್ನು ಕುರಿತು ಮಾತನಾಡುವಾಗ ನಾವೆಲ್ಲ ಅದು ತೋರಿಸುವ ವೇಳೆಯನ್ನು ಕುರಿತೇ ಮಾತನಾಡುತ್ತೇವೆ. ಅದನ್ನು ಕೈಯಲ್ಲಿ ಹಿಡಿದಿಟ್ಟಿರುವ ಪಟ್ಟಿಯನ್ನು ನೆನೆಯುವವರು ವಿರಳ. ಅದು ಬಿಗಿಯಾಗಿ ಚರ್ಮ ಕೆಂಪಾದಾಗ, ಇಲ್ಲವೇ ಸಡಿಲವಾಗಿ ಗಡಿಯಾರ ಅಂಗೈಯ ಕಡೆಗೆ ಹೊರಳಿದಾಗ ಮಾತ್ರ ಪಟ್ಟಿಯೊಂದಿದೆ ಎಂಬ ಅರಿವಾಗುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ದೂರವಾಣಿಯಲ್ಲಿ, "ಸರ್, ಹೊಸಾ ವಾಚಿನ ಚೈನು ಕೈಯಾಗ ನಿಲ್ಲವಲ್ದು, ಏನ್ ಮಾಡ್ಲಿ?" ಎಂದು ಕೇಳಿದರು. ಅವರಿಗೆ ಹೇಳಿದ ನಾಲ್ಕು ಮಾತುಗಳನ್ನು ಎಲ್ಲರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಆದಿತ್ಯನಗರ ಸೇಡಂ ತಾಲ್ಲೂಕಿನಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸಮೀಪ, ಸಿಮೆಂಟ್ ಕಾರ್ಖಾನೆಯೊಂದಿಗೆ ಬೆಳೆದ ವಸಾಹತು. ಇಲ್ಲಿಯ ಬೇಸಿಗೆ ನಲವತ್ತು ಡಿಗ್ರಿಯನ್ನು ದಾಟುವುದು ನಿಮಗೆಲ್ಲ ಗೊತ್ತೇ ಇದೆ. ಬಿಸಿಲಿಗೆ ರಕ್ತನಾಳಗಳು ಹಿಗ್ಗುತ್ತವೆ, ಕೈ ತುಸು ಊದಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಹಿತವಾಗಿದ್ದ ಪಟ್ಟಿ ಮಧ್ಯಾಹ್ನ ಕಚ್ಚುವುದು ಇದೇ ಕಾರಣದಿಂದ. ಆದ್ದರಿಂದ ಪಟ್ಟಿಯ ಅಳತೆಯನ್ನು ಮುಂಜಾನೆ ನೋಡದೆ ಮಧ್ಯಾಹ್ನವೋ ಸಂಜೆಯೋ ನೋಡುವುದು ಲೇಸು. ಕಿರಿಬೆರಳು ಪಟ್ಟಿಯ ಕೆಳಗೆ ಸಲೀಸಾಗಿ ತೂರಬೇಕು. ಎರಡು ಬೆರಳು ಒಟ್ಟಿಗೆ ತೂರಿದರೆ ಸಡಿಲವೆಂದು ತಿಳಿಯಿರಿ. ಕಿರಿಬೆರಳಿನ ಕಡೆ ಮಣಿಕಟ್ಟಿನಲ್ಲಿ ಎದ್ದು ಕಾಣುವ ಎಲುಬಿನ ಮೇಲೆ ಗಡಿಯಾರ ಕೂರಬಾರದು, ಅದಕ್ಕಿಂತ ತುಸು ಹಿಂದೆ, ಮೊಣಕೈಯ ಕಡೆಗೆ ಕೂರಬೇಕು.

ಉಕ್ಕಿನ ಚೈನಾದರೆ ಮೊದಲು ಅದನ್ನು ಜೋಡಿಸುವ ಬಿಗಿತುಂಡನ್ನು ನೋಡಿ. ಅದರ ಪಕ್ಕದಲ್ಲಿ ಸಣ್ಣ ತೂತುಗಳ ಸಾಲಿದ್ದರೆ ಒಳಗಿನ ಸ್ಪ್ರಿಂಗ್ ಕಡ್ಡಿಯನ್ನು ಒಂದು ತೂತು ಆಚೀಚೆ ಸರಿಸಿದರೆ ಸಾಕು, ಕೊಂಡಿ ತೆಗೆಯುವ ಅಗತ್ಯವೇ ಬೀಳದಿರಬಹುದು. ಅದರಿಂದ ಸಾಲದಿದ್ದರೆ ಮಾತ್ರ ಕೊಂಡಿಗೆ ಕೈಹಾಕಬೇಕು. ಅನೇಕ ಚೈನುಗಳ ಒಳಮೈಯಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ. ಪಿನ್ನನ್ನು ಬಾಣದ ದಿಕ್ಕಿಗೆ ತಳ್ಳಿ ತೆಗೆಯಬೇಕು, ಮರಳಿ ಹಾಕುವಾಗ ಬಾಣಕ್ಕೆ ಎದುರಾಗಿ ಸೇರಿಸಬೇಕು. ಕೊಂಡಿಗಳನ್ನು ಎರಡೂ ಬದಿಯಿಂದ ಸಮನಾಗಿ ತೆಗೆದರೆ ಬಿಗಿತುಂಡು ಮಣಿಕಟ್ಟಿನ ನಡುವೆ ಉಳಿಯುತ್ತದೆ. ಚರ್ಮದ ಪಟ್ಟಿಯಾದರೆ ಮನೆಯಲ್ಲಿ ಮೊಳೆ ಹೊಡೆದು ತೂತು ಮಾಡಬೇಡಿ, ಅಂಚು ಹರಿಯುತ್ತದೆ. ತೂತು ಕೊರೆಯುವ ಇಕ್ಕಳ ಚಮ್ಮಾರರ ಬಳಿಯೂ ಗಡಿಯಾರ ರಿಪೇರಿಯವರ ಬಳಿಯೂ ಇರುತ್ತದೆ.

ತೆಗೆದ ಕೊಂಡಿಗಳನ್ನು ಮಾತ್ರ ಎಂದೂ ಎಸೆಯಬೇಡಿ. ಈ ಮಾತನ್ನು ನಾನು ಕಲಿತದ್ದು ನಮ್ಮ ತಂದೆಯವರ ಗಡಿಯಾರದಿಂದ.

ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತು. ಮುಂದೆ ನೌಕರಿ ಸಿಕ್ಕವರಿಗೆ, ಮದುವೆಯ ಅಳಿಯನಿಗೆ ಎಚ್‌ಎಂಟಿ ಕೊಡಿಸುವುದೇ ಒಂದು ಸಂಪ್ರದಾಯವಾಯಿತು. ತಂದೆಯವರದು ದಿನಕ್ಕೊಮ್ಮೆ ಚಾವಿ ಕೊಡುವ 'ಜನತಾ'. ನಮ್ಮ ಸೀಮೆಯ ಬೆವರಿಗೆ ಚರ್ಮದ ಪಟ್ಟಿ ಬಾಳದೆಂದು ಅವರು ಅದಕ್ಕೆ ಉಕ್ಕಿನ ಚೈನು ಹಾಕಿಸಿದ್ದರು.

ಅವರ ಕೊನೆಯ ವರ್ಷಗಳಲ್ಲಿ ಆ ಚೈನು ಸಡಿಲವಾಗತೊಡಗಿತು. ಕೈ ಎತ್ತಿದರೆ ಗಡಿಯಾರ ಮೊಣಕೈಯ ಕಡೆಗೆ ಜಾರುತ್ತಿತ್ತು. "ಸಡ್ಲ ಇದ್ರ ಏನಾತು, ಟೈಮ್ ಖರೇನ ತೋರಸ್ತದಲ್ಲ" ಎಂದು ನಗುತ್ತಿದ್ದರು. ಒಂದು ಕೊಂಡಿ ತೆಗೆಸಿದೆವು. ಆರು ತಿಂಗಳಿಗೆ ಇನ್ನೊಂದು ತೆಗೆಸಬೇಕಾಯಿತು. ಆಗ ನಮ್ಮ ತಾಯಿ, "ಚೈನು ಬೆಳಿಲಿಕತ್ತಿಲ್ಲಪಾ, ಕೈ ಸೊರಗಲಿಕತ್ತದ" ಎಂದರು. ಊಟ ಕಡಿಮೆಯಾಗಿದ್ದನ್ನು ತಂದೆಯವರು ಯಾರಿಗೂ ಹೇಳಿರಲಿಲ್ಲ. ಮರುದಿನವೇ ಕಲಬುರಗಿಯ ವೈದ್ಯರಲ್ಲಿಗೆ ಹೋದೆವು. ಔಷಧೋಪಚಾರದಿಂದ ಅವರು ಮತ್ತೆ ಎರಡು ವರ್ಷ ನಮ್ಮೊಡನಿದ್ದರು. ತೆಗೆಸಿದ ಕೊಂಡಿಗಳಲ್ಲಿ ಒಂದು ಅವರ ಚೈನಿಗೆ ಮರಳಿತು. ಅಂದು ಮನೆಯವರೆಲ್ಲ ಹಬ್ಬದಂತೆ ಸಂತೋಷಪಟ್ಟೆವು.

ಉಳಿದ ಇನ್ನೊಂದನ್ನು ತಾಯಿ ಕುಂಕುಮದ ಭರಣಿಯಲ್ಲಿ ಇಟ್ಟಿದ್ದರು. ಗಡಿಯಾರ ನನ್ನ ಪಾಲಿಗೆ ಬಂದಾಗ ಆ ಕೊಂಡಿಯೂ ಜೊತೆಗೆ ಬಂತು. ಎಚ್‌ಎಂಟಿ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ನೀಡಿತು. ಹಳೆಯ ಚೈನಿಗೆ ಹೊಂದುವ ಕೊಂಡಿಯನ್ನು ಇಂದು ಅಂಗಡಿಯಲ್ಲಿ ಹುಡುಕುವುದು ಕಷ್ಟ. ಜೋಪಾನವಾಗಿದ್ದ ಆ ಒಂದು ತುಂಡಿನಿಂದಲೇ ಚೈನು ನನ್ನ ಕೈಗೆ ಒದಗಿತು.

ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಈಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿದ್ದಾರೆ. ತಿಂಗಳಿಗೊಮ್ಮೆಯೋ ಹಬ್ಬಕ್ಕೋ ಊರಿಗೆ ಬರುವ ನೀವು "ಅಪ್ಪಾ, ಆರಾಮ ಇದ್ದೀರಾ?" ಎಂದು ಕೇಳುತ್ತೀರಿ, ಅವರು "ಆರಾಮ" ಎಂದೇ ಹೇಳುತ್ತಾರೆ. ಮುಂದಿನ ಸಲ ಬಂದಾಗ ಅವರ ಕೈಗಡಿಯಾರವನ್ನು, ತಾಯಿಯ ಕೈಬಳೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಅವು ಹಿಂದಿಗಿಂತ ಕೆಳಗೆ ಜಾರುತ್ತಿದ್ದರೆ ಅಳತೆ ಸರಿಪಡಿಸಿ ಸುಮ್ಮನಾಗದೆ, ಊಟ ಹೇಗೆ ಸೇರುತ್ತಿದೆ ಎಂದು ಪಕ್ಕದಲ್ಲಿ ಕುಳಿತು ವಿಚಾರಿಸಿ.